ಟೈಪಿಂಗ್ ಅಕ್ಕೋರು ಮತ್ತು ಎಂಬತ್ತು ವರ್ಷ ಹಳೆಯ ಹೊಸ ಹಾಡು

ಅಕ್ಕೋರು ತೀರಿಕೊಂಡ ಸುದ್ದಿ ನಮಗೆ ವಾಟ್ಸಾಪಿನಲ್ಲಿ ಬಂತು. ಸಿಂದಗಿಯ ಯಾರೋ ಹಳೆಯ ವಿದ್ಯಾರ್ಥಿ ಅವರ ಫೋಟೋ ಹಾಕಿ, ಕೆಳಗೆ 'ಭಾವಪೂರ್ಣ ಶ್ರದ್ದಾಂಜಲಿ' ಎಂದು ಬರೆದಿದ್ದ. ಓದಿದ ನನಗೆ ಮೊದಲು ಅಳು ಬರಲಿಲ್ಲ. 'ದ್ದ' ಅಲ್ಲ, 'ದ್ಧ' ಅನ್ನುವುದು ಬಂತು. ಐದು ನಿಮಿಷದೊಳಗೆ ಮುದ್ದೇಬಿಹಾಳದಿಂದ ಗೆಳತಿ ರೂಪಾ ಫೋನು ಮಾಡಿದಳು. "ನೋಡಿದೇನ? ಮಹಾಪ್ರಾಣ ಬಿಟ್ಟಾನ" ಅಂದಳು. ಆಮೇಲೆ ಇಬ್ಬರೂ ಅತ್ತೆವು.

ಅವರ ಹೆಸರು ಬೋರ್ಡಿನ ಮೇಲೂ ಇರಲಿಲ್ಲ. 'ಕನ್ನಡ, ಇಂಗ್ಲಿಷ್ ಟೈಪಿಂಗ್ ಮತ್ತು ಶೀಘ್ರಲಿಪಿ' ಎಂದಷ್ಟೇ ಬರೆಸಿದ್ದರು. ಊರಿಗೆಲ್ಲ ಅವರು ಟೈಪಿಂಗ್ ಅಕ್ಕೋರು. ಸಿಂದಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ತೊಗರಿ ಅಂಗಡಿ. ಅದರ ಮೇಲಿನ ಉದ್ದನೆಯ ಕೋಣೆಯಲ್ಲಿ ಅವರ ಕ್ಲಾಸು. ಎಂಟು ಹಳೆಯ ಟೈಪ್‌ರೈಟರ್ ಮಷೀನು, ಎರಡು ಕಂಪ್ಯೂಟರು. ಪರೀಕ್ಷೆಗೆ ಕಂಪ್ಯೂಟರ್ ಕಲಿತರೆ ಸಾಕೆಂದು ಬಂದವರನ್ನೂ ಅವರು ಮೊದಲು ಮೂರು ತಿಂಗಳು ಮಷೀನಿನ ಮುಂದೆಯೇ ಕೂರಿಸುತ್ತಿದ್ದರು. "ಕಂಪ್ಯೂಟರ್ ನಿಮ್ಮ ತಪ್ಪ ಅಳಸ್ತೈತಿ. ಮಷೀನು ಅದನ್ನ ಊರಿಗೆಲ್ಲಾ ತೋರಸ್ತೈತಿ. ಮೊದಲ ನಾಚಿಕಿ ಕಲೀರಿ, ಆಮ್ಯಾಲ ಅಳಸೂದು ಕಲೀರಿ" ಅನ್ನುತ್ತಿದ್ದರು.

ಎತ್ತರದ ಸಪೂರ ಮೈ, ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಕಿವಿಯ ಹಿಂದೆ ಕೆಂಪು ಪೆನ್ನು. ಕೈಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟುತ್ತಿದ್ದರು. ವೇಳೆ ಎಷ್ಟಾಯಿತೆಂದು ನಮಗೆ ಕಾಣಬಾರದು ಅಂತ. ಎಂಟು ಮಷೀನು ಒಟ್ಟಿಗೆ ಹೊಡೆಯುತ್ತಿದ್ದಾಗ ಅವರು ಕಿಟಕಿಯ ಬಳಿ ಬೆನ್ನು ಮಾಡಿ ನಿಂತು ಅವಲಕ್ಕಿ ತಿನ್ನುತ್ತಿದ್ದರು. ತಿನ್ನುತ್ತಲೇ, "ಐದನೇ ಮಷೀನಾ, ಎಡಗೈ ಕಿರಿಬೆರಳು ಸುಮ್ನ ಕೂತೈತಲ್ಲ, ಅದಕ್ಕೇನು ಪಿಂಚಣಿ ಬಂದೈತೇನ?" ಅನ್ನುತ್ತಿದ್ದರು. ತಿರುಗಿ ನೋಡಿದರೆ ಐದನೇ ಮಷೀನಿನವಳು ನಿಜವಾಗಿಯೂ ಎಡಗೈಯ ನಾಲ್ಕೇ ಬೆರಳಲ್ಲಿ ಹೊಡೆಯುತ್ತಿರುತ್ತಿದ್ದಳು.

ಮದುವೆ ಯಾಕೆ ಆಗಲಿಲ್ಲ ಎಂದು ಶಬಾನಾ ಒಮ್ಮೆ ಧೈರ್ಯ ಮಾಡಿ ಕೇಳಿದ್ದಳು. "ಡ್ರಾಫ್ಟ್ ಭಾಳ ಬಂದಿದ್ದವು. ಫೇರ್ ಕಾಪಿ ಮಾಡೂವಷ್ಟು ಚೊಲೋ ಯಾವೂ ಇರಲಿಲ್ಲ" ಅಂದರು.

ಶಬಾನಾ ಸಿಂದಗಿಯವಳೇ, ಅವರಪ್ಪನದು ಬಟ್ಟೆ ಅಂಗಡಿ. ಕಸ್ತೂರಿ ಇಂಡಿಯವಳು, ಅವರದು ನಿಂಬೆ ತೋಟ. ರೂಪಾ ಮುದ್ದೇಬಿಹಾಳದವಳು. ನಾನು ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿಯವಳು. ನಾಲ್ವರೂ ಸಿಂದಗಿಯಲ್ಲಿ ಡಿಗ್ರಿ ಓದುತ್ತಿದ್ದೆವು, ಸಂಜೆ ಟೈಪಿಂಗಿಗೆ ಹೋಗುತ್ತಿದ್ದೆವು. ಅಕ್ಕೋರು ನಮ್ಮನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಇಂಡಿ, ಬೆನ್ನ ನೆಟ್ಟಗ ಮಾಡು. ಹಿಪ್ಪರಗಿ, ಕಾಗದ ಡೊಂಕ ಹಾಕೀದಿ. ಮುದ್ದೇಬಿಹಾಳ ಇನ್ನೂ ಬಂದಿಲ್ಲೇನ?" ಶಬಾನಾಳಿಗೆ ಮಾತ್ರ 'ಲೋಕಲ್' ಎಂದು ಹೆಸರು.

ನಮಗೆ ನಾಲ್ವರಿಗೂ ಹಾಡುವ ಹುಚ್ಚು. ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಹಾಡಿ ಚಪ್ಪಾಳೆ ತಗೊಂಡ ಮೇಲೆ ಒಂದು ತಂಡ ಕಟ್ಟಿದೆವು. ಜಿಲ್ಲೆಯಲ್ಲಿ ಹುಡುಗಿಯರದೇ ಪಾಪ್ ತಂಡ ಯಾವುದೂ ಇಲ್ಲ, ನಾವೇ ಮೊದಲು ಎಂದು ನಮಗೆ ನಾವೇ ಹೇಳಿಕೊಂಡೆವು. 'ರಾಕ್ ರಾಣೀಸ್' ಎಂದು ಹೆಸರಿಟ್ಟುಕೊಂಡು ನಾಲ್ವರೂ ಕಪ್ಪು ಜೀನ್ಸ್ ತಗೊಂಡೆವು. ವಾದ್ಯ ನುಡಿಸುವವರು ಯಾರೂ ಇರಲಿಲ್ಲ. ಫೋನಿನಲ್ಲಿ ಸಿನಿಮಾ ಹಾಡಿನ ಸಂಗೀತ ಹಚ್ಚಿ ಅದರ ಮೇಲೆ ಹಾಡುವುದು.

ಮೊದಲ ಕಾರ್ಯಕ್ರಮ ಬಾಗೇವಾಡಿಯಲ್ಲಿ, ಒಂದು ಮದುವೆ ಮನೆಯ ಅರಿಷಿಣ ಶಾಸ್ತ್ರ. ಎರಡನೇ ಹಾಡಿನ ನಡುವೆ, ಶಬಾನಾ ಕಣ್ಣು ಮುಚ್ಚಿ 'ನೀನಿಲ್ಲದೆ ನಾನಿಲ್ಲ' ಎನ್ನುವ ಅರ್ಥದ ಸಾಲನ್ನು ಎಳೆಯುತ್ತಿದ್ದಾಗ, ಫೋನಿನಲ್ಲಿ ಮೊಣಕಾಲು ನೋವಿನ ಎಣ್ಣೆಯ ಜಾಹೀರಾತು ಶುರುವಾಯಿತು. ಅದು ಸ್ಪೀಕರಿನಲ್ಲಿ ಓಣಿಗೆಲ್ಲ ಕೇಳಿತು. ಮಂದಿ ನಕ್ಕರು. ಮದುಮಗನ ಅಜ್ಜಿಯೊಬ್ಬಳು ಮಾತ್ರ ನಗದೆ, ಆ ಎಣ್ಣೆ ಎಲ್ಲಿ ಸಿಗುತ್ತದೆಂದು ನನ್ನನ್ನೇ ಕೇಳಿದಳು.

ಮದುಮಗಳು ಅಕ್ಕೋರ ಹಳೆಯ ವಿದ್ಯಾರ್ಥಿನಿ. ಅಕ್ಕೋರು ಮುಂದಿನ ಸಾಲಿನಲ್ಲೇ ಕೂತಿದ್ದರು. ಮರುದಿನ ಸಂಜೆ ಕ್ಲಾಸಿಗೆ ಹೋದರೆ ನಮ್ಮ ನಾಲ್ವರ ಮಷೀನಿನ ಮೇಲೂ ಒಂದೊಂದು ಹಾಳೆ. 'ನಿನ್ನೆಯ ಗಾಯನದಲ್ಲಿ ಕಂಡುಬಂದ ತಪ್ಪುಗಳು' ಎಂದು ತಲೆಬರಹ, ಕೆಳಗೆ ಹನ್ನೊಂದು ತಪ್ಪು. ಒಂದನೆಯದು, ಹೆಸರು. ಆರನೆಯದು, ಮುದ್ದೇಬಿಹಾಳ ಪ್ರತಿ ಸಾಲಿಗೂ ತಡವಾಗಿ ಬರುತ್ತಾಳೆ. ಹನ್ನೊಂದನೆಯದರ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ: ಹಾಡು ಇನ್ನೊಬ್ಬರದು.

"ಹಂಗಾದ್ರ ನಾವ ಬರೀಬೇಕೇನ್ರಿ ಅಕ್ಕೋರ?" ಅಂದಳು ಕಸ್ತೂರಿ.

"ಇಲ್ಲಾಂದ್ರ ನಾ ಬರೀಲೇನ? ನಂಗ ವಯಸ್ಸೇನ ಹದಿನೆಂಟೇನ?"

ಬರೆದೆವು. ಇಂಡಿಯ ಕಡೆಯಿಂದ ಬರುವ ಬಸ್ಸಿನ ಟಪ್ಪಿನ ಮೇಲೆ ನಿಂಬೆಕಾಯಿ ಚೀಲ ಇರುತ್ತವಲ್ಲ, ಅದೇ ನೆಪ.

'ಇಂಡಿ ಬಸ್ಸ ಬಂದ್ರ ನಿಂಬಿಕಾಯಿ ವಾಸ,
ನೀ ಬಂದ್ರ ನನ್ನ ರಾಜಾ, ಬರೇ ಡೀಸಲ್ ವಾಸ.'

ಭಾನುವಾರ ಮಧ್ಯಾಹ್ನ ಕ್ಲಾಸು ಖಾಲಿ ಇರುತ್ತಿತ್ತು. ಅಲ್ಲಿ ಅಭ್ಯಾಸ ಮಾಡಲು ಅಕ್ಕೋರು ಒಪ್ಪಿ, ತಾವೂ ಒಂದು ಮೂಲೆಯಲ್ಲಿ ಹಾಳೆ ತಿದ್ದುತ್ತ ಕೂತರು. ಕಸ್ತೂರಿ ಅಜ್ಜನ ಭಜನೆಯ ಹಾರ್ಮೋನಿಯಂ ಹೊತ್ತು ತಂದಳು. ಶಬಾನಾ ಫೋನಿನಿಂದ ಡ್ರಮ್ಮಿನ ತಾಳ ಹಾಕಿದಳು. ಕರೆಂಟು ಹೋಯಿತು, ಸ್ಪೀಕರು ಸತ್ತಿತು. ರೂಪಾಳಿಗೆ ಪರೀಕ್ಷೆ ಹತ್ತಿರವಿತ್ತು. ಅವಳು ಕಿಟಕಿಯ ಬೆಳಕಿಗೆ ಮಷೀನು ಎಳೆದುಕೊಂಡು ಟೈಪು ಮಾಡುತ್ತ ಕೂತಳು. ನಾವು ಮೂವರು ಬೇಜಾರಿನಲ್ಲಿ ಮೆಲ್ಲಗೆ ಹಾಡಿಕೊಂಡೆವು. ಹಾಡಿನ ಸಾಲು ಮುಗಿಯುವುದಕ್ಕೂ ಹಾಳೆಯ ಅಂಚು ಬಂದು ಅವಳ ಮಷೀನಿನ ಗಂಟೆ 'ಟಿಣ್' ಅನ್ನುವುದಕ್ಕೂ ಸರಿಹೋಯಿತು. ರೂಪಾ ನಕ್ಕು ಕೈ ತೆಗೆದಳು.

"ನಿಲ್ಲಸಬ್ಯಾಡ. ಹೊಡಿ" ಅಂದರು ಅಕ್ಕೋರು.

ಅವರು ಮರದ ಪಟ್ಟಿ ತಗೊಂಡು ಟೇಬಲ್ಲಿಗೆ ತಾಳ ಹಾಕಿದರು. ಹೊಸಬರಿಗೆ ಟೈಪಿಂಗ್ ಕಲಿಸುವಾಗ ಹಾಕುವ ಅದೇ ತಾಳ, ಆದರೆ ಇನ್ನೂ ನಿಧಾನ. ರೂಪಾಳನ್ನು ಮಷೀನಿಗೆ ಕಟ್ಟಿಹಾಕಿದಂತೆ ಕೂರಿಸಿದರು. ಶಬಾನಾ ಹಾಡಬೇಕು, ನಾನು ಮತ್ತು ಕಸ್ತೂರಿ ಎರಡೆರಡು ಮಾತಿಗೆ 'ಹೂಂ ಹೂಂ, ಹೌದ ಹೌದ' ಎಂದು ಸೊಲ್ಲು ಕೊಡಬೇಕು, ಸಾಲಿನ ಕೊನೆಗೆ ಗಂಟೆ. ಮಷೀನಿನ ಚಟಪಟ, ಹಾರ್ಮೋನಿಯಂನ ಉಸಿರು, ನಡುವೆ ಮೂರು ದನಿ. ಕೇಳುತ್ತಾ ಕೇಳುತ್ತಾ ನಮಗೇ ವಿಚಿತ್ರವೆನಿಸಿತು. ಪಕ್ಕದ ಮನೆಯ ಹಳೆಯ ರೇಡಿಯೋ ಗೋಡೆಯ ಆಚೆಯಿಂದ ಕೇಳಿದ ಹಾಗಿತ್ತು.

"ಅಕ್ಕೋರ, ಇದು ನಮ್ಮಜ್ಜಿ ಕಾಲದ ಹಾಡಿನಂಗ ಕೇಳಸಾಕತ್ತೇತಿ" ಅಂದಳು ಶಬಾನಾ.

"ಕೇಳಸ್ಲಿ. ನಿಮ್ಮಜ್ಜಿ ಏನ ಕೆಟ್ಟ ಹಾಡತಿದ್ಲೇನ?"

ಕಪ್ಪು ಜೀನ್ಸ್ ಹೋಯಿತು. ಶಬಾನಾಳ ಅಪ್ಪನ ಅಂಗಡಿಯಲ್ಲಿ ವರ್ಷಗಟ್ಟಲೆ ಮಾರಾಟವಾಗದೆ ಬಿದ್ದಿದ್ದ ಚುಕ್ಕಿ ಚುಕ್ಕಿಯ ಸೀರೆ ನಾಲ್ಕು ಬಂದವು. ಎರಡು ಜಡೆ, ಕೆಂಪು ರಿಬ್ಬನ್ನು. ಮಷೀನನ್ನು ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಒಯ್ಯುವುದು ರೂಪಾಳ ಪಾಲಿಗೆ ಬಂತು. ಹಾಗೆ ನಾವು ಮುದ್ದೇಬಿಹಾಳದಲ್ಲಿ ಮಹಿಳಾ ಸಂಘದ ವಾರ್ಷಿಕೋತ್ಸವಕ್ಕೆ ಹೋದೆವು.

ನಾವೇ ಬರೆದ ಹೊಸ ಹಾಡೆಂದು ಹೇಳಿಯೇ ಹಾಡಿದೆವು. ಅಲ್ಲಿ ಯಾರೂ ನಗಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು, ಎಲ್ಲರೂ ಸಲಹೆ ಕೊಟ್ಟರು. ತಾಳ ಬೇರೆ ಇರಬೇಕಿತ್ತು ಎಂದು ಒಬ್ಬರು, ಮಷೀನು ಯಾಕೆ ಬೇಕು ಎಂದು ಇನ್ನೊಬ್ಬರು. ಕನ್ನಡ ಮೇಷ್ಟರೊಬ್ಬರು ಡೀಸಲ್ ಎಂಬುದು ಕಾವ್ಯಕ್ಕೆ ಒಗ್ಗುವ ಪದವಲ್ಲ ಎಂದು ಕಾಲು ಗಂಟೆ ವಿವರಿಸಿದರು. ಅಕ್ಕೋರು ಎಲ್ಲರಿಗೂ ಕೈ ಮುಗಿದು, ನಮ್ಮನ್ನು ವಾಪಸ್ ಬಸ್ಸು ಹತ್ತಿಸಿದರು.

ಎರಡು ವಾರಕ್ಕೆ ನಮ್ಮೂರು ಹಿಪ್ಪರಗಿಯ ಸಾಲೆಯ ಗ್ಯಾದರಿಂಗ್. ಹೋಗುವ ದಾರಿಯಲ್ಲಿ ಅಕ್ಕೋರು ನನ್ನ ಕೈಯಿಂದ ಹಾಡಿನ ಹಾಳೆ ಇಸಕೊಂಡು ಕೆಂಪು ಪೆನ್ನು ತೆಗೆದರು.

"ಬಸ್ಸ ತೆಗಿ. ಬಂಡಿ ಹಾಕು."

"ಡೀಸಲ್ಲಿಗೆ ಏನ ಮಾಡೂದ್ರಿ?"

ಅಕ್ಕೋರು ಕಿಟಕಿಯಾಚೆಯ ಹೊಲ ನೋಡಿದರು. "ಎತ್ತಿನ ಸಹವಾಸ" ಅಂದರು.

'ಇಂಡಿ ಬಂಡಿ ಬಂದ್ರ ನಿಂಬಿಕಾಯಿ ವಾಸ,
ನೀ ಬಂದ್ರ ನನ್ನ ರಾಜಾ, ಎತ್ತಿನ ಸಹವಾಸ.'

ವೇದಿಕೆ ಹತ್ತಿ ನಾವು ನಿಲ್ಲುವಷ್ಟರಲ್ಲಿ ಅಕ್ಕೋರೇ ಮೈಕಿನ ಮುಂದೆ ಹೋಗಿದ್ದರು. "ಎಂಬತ್ತು ವರ್ಷದ ಹಿಂದಿನ ಹಾಡ್ರಿ ಇದು. ಬೀಸೂಕಲ್ಲಿನ ಮುಂದ ಕೂತು ನಮ್ಮ ಭಾಗದ ಹೆಣ್ಣಮಕ್ಕಳು ಹಾಡತಿದ್ರು. ಈಗ ಬೀಸೂಕಲ್ಲ ಇಲ್ಲ, ಅದರ ಸಪ್ಪಳಕ್ಕ ಈ ಹುಡುಗ್ಯಾರು ಮಷೀನ ಇಟ್ಕೊಂಡಾರ." ಇಷ್ಟನ್ನು ಅವರು ಹಾಜರಿ ಕರೆದಷ್ಟು ಸಲೀಸಾಗಿ ಹೇಳಿದರು. ನಾನು ಕಸ್ತೂರಿಯ ಹಿಂದೆ ಸರಿದು ನಿಂತೆ. ನಮ್ಮೂರಲ್ಲವೇ, ಯಾರಾದರೂ ಎದ್ದು ಕೇಳಿಯಾರು ಅಂತ.

ಯಾರೂ ಕೇಳಲಿಲ್ಲ. ಮೂರು ಸಲ ಹಾಡಿಸಿದರು. ಇಳಿದು ಬಂದಾಗ ನಿವೃತ್ತ ಹೆಡ್ ಮಾಸ್ತರರೊಬ್ಬರು ಕಣ್ಣೊರೆಸಿಕೊಳ್ಳುತ್ತ ಶಬಾನಾಳ ತಲೆಯ ಮೇಲೆ ಕೈ ಇಟ್ಟರು. "ನಮ್ಮವ್ವ ಇದನ್ನ ಹಾಡತಿದ್ಲವಾ. ಈ ಎತ್ತಿನ ಸಾಲು ನಂಗ ಚೊಲೋ ನೆನಪೈತಿ" ಅಂದರು. ಎತ್ತಿನ ಸಾಲು ಹುಟ್ಟಿ ಆಗ ಮೂರು ತಾಸೂ ಆಗಿರಲಿಲ್ಲ.

ಬಸ್ಸಿನಲ್ಲಿ ನಾನು, "ಅಕ್ಕೋರ, ಸುಳ್ಳ ಹೇಳಿದಂಗ ಆತಲ್ರಿ" ಅಂದೆ.

"ಮುದ್ದೇಬಿಹಾಳದಾಗ ಖರೇ ಹೇಳಿದ್ವಿ. ಏನಾತು?" ಅಂದರು. "ಹೊಸಾದು ಅಂದ್ರ ಎಲ್ಲಾರೂ ಪರೀಕ್ಷಾ ತಗೋಳಾಕ ಕೂಡ್ತಾರ. ಹಳೇದು ಅಂದ್ರ ಎಲ್ಲಾರೂ ಪಾಸಾಗಾಕ ನೋಡ್ತಾರ. ಆ ಮಾಸ್ತರ ಪಾಸಾದ್ರು. ಅವರಿಗೆ ಸಂತೋಷ, ನಮಗ ಚಪ್ಪಾಳಿ. ಯಾರ ಗಂಟೇನ ಹೋತು?"

ಆಮೇಲಿನ ಒಂದು ವರ್ಷ ನಮಗೆ ಪುರುಸೊತ್ತಿರಲಿಲ್ಲ. ಮಂದಿ ನಮ್ಮನ್ನು 'ನಿಂಬಿಕಾಯಿ ಸಿಸ್ಟರ್ಸ್' ಎಂದು ಕರೆದರು, ನಾವೂ ಒಪ್ಪಿಕೊಂಡೆವು. ನಾಲ್ಕು ತಾಲೂಕಿನ ಸೀಮಂತ, ಗ್ಯಾದರಿಂಗ್, ಬ್ಯಾಂಕಿನ ಶಾಖೆ ಉದ್ಘಾಟನೆ. ಇನ್ನೂ ಐದು ಹಾಡು ಮಾಡಿದೆವು, ಎಲ್ಲವನ್ನೂ ಅದೇ ಧಾಟಿಯಲ್ಲಿ, ಮಷೀನು ಗಂಟೆ ಸಮೇತ. ಎಲ್ಲಕ್ಕೂ ಅಕ್ಕೋರು ಒಂದೊಂದು ಚರಿತ್ರೆ ಕಟ್ಟಿದರು. ಒಂದು ಹಾಡನ್ನು ಇಂಡಿಯ ತೋಟದ ಆಳು ಹೆಣ್ಣುಮಕ್ಕಳಿಗೆ ಕೊಟ್ಟರು, ಇನ್ನೊಂದನ್ನು ಬಳೆ ಮಾರುವ ಮುದುಕಿಯೊಬ್ಬಳಿಗೆ. ನಾವೂ ಅದರಲ್ಲಿ ರುಚಿ ಹಿಡಿದೆವು. ಸುಳ್ಳು ಹೇಳುವಾಗ ಅಕ್ಕೋರ ಮುಖ ಒಂದಿಷ್ಟೂ ಬದಲಾಗುತ್ತಿರಲಿಲ್ಲ. ಮುಗಿದ ಮೇಲೆ ಸೆರಗಿನಿಂದ ಕನ್ನಡಕ ಒರೆಸುತ್ತಿದ್ದರು, ಅಷ್ಟೇ.

ಆಗ ಒಬ್ಬ ಸಂಶೋಧಕ ಬಂದ. ವಿಶ್ವವಿದ್ಯಾಲಯವೊಂದರಲ್ಲಿ ಮರೆತುಹೋದ ಹಾಡುಗಳ ಬಗ್ಗೆ ಕೆಲಸ ಮಾಡುತ್ತಿದ್ದ, ಒಳ್ಳೆಯ ಮನುಷ್ಯ. ಕ್ಲಾಸಿನ ಸ್ಟೂಲಿನ ಮೇಲೆ ಕೂತು, ನಿಂಬಿಕಾಯಿ ಹಾಡು ಮೊದಲು ಯಾರಿಂದ ಸಿಕ್ಕಿತು, ಆ ಹೆಂಗಸರು ಈಗ ಎಲ್ಲಿದ್ದಾರೆ, ಊರು ಯಾವುದು ಎಂದು ಕೇಳಿದ. ಊರಿನ ಹೆಸರು ಹೇಳಿದರೆ ಅವನು ನಾಳೆಯೇ ಅಲ್ಲಿಗೆ ಹೋಗುತ್ತಾನೆ. ಅಕ್ಕೋರು ಕಿಟಕಿಯ ಹೊರಗೆ ನೋಡಿದರು.

"ಹಳೇ ಕೊಲ್ಹಾರ" ಅಂದರು. "ಡ್ಯಾಮ್ ಕಟ್ಟಿದಾಗ ಊರು ಕೃಷ್ಣಾದ ನೀರಾಗ ಹೋತಲ್ರಿ. ಇನ್ನ ಯಾರನ್ನ ಅಂತ ಹುಡುಕ್ತೀರಿ?"

ಅವನು ತಲೆ ತಗ್ಗಿಸಿ ಬರೆದುಕೊಂಡ. ಅವನು ಮೆಟ್ಟಿಲು ಇಳಿದ ಮೇಲೆ ನಾವು ಹೊಟ್ಟೆ ಹಿಡಿದು ನಕ್ಕೆವು. ಹುಡುಕಾಡಿದರೂ ಸಿಗದ ಪುರಾವೆ. ಕಸ್ತೂರಿ ಮಾತ್ರ, "ಊರು ಮುಳುಗಿದ್ರೂ ಮಂದಿ ಮುಳುಗಿಲ್ಲಲ್ರಿ ಅಕ್ಕೋರ, ಹೊಸಾ ಊರಾಗ ಅದಾರ" ಅಂದಳು. ಅಕ್ಕೋರು ಅವಳಿಗೆ ಹೊಸ ಪಾಠ ಕೊಟ್ಟು ಕೂರಿಸಿದರು.

ತಿಂಗಳೊಪ್ಪತ್ತಿಗೆ ಸಂಶೋಧಕನ ಫೋನು. ಕೊಲ್ಹಾರದಲ್ಲಿ ಕಾರ್ಯಕ್ರಮ ಇಟ್ಟಿದ್ದಾನಂತೆ, ಹಳೆಯ ಊರಿನ ಹಿರಿಯ ಹೆಂಗಸರನ್ನೆಲ್ಲ ಕರೆಸಿದ್ದಾನಂತೆ. ಮುಳುಗಿದ ಊರಿನ ಹಾಡು ಅದರ ಮಕ್ಕಳ ಕಿವಿಗೆ ಮರಳಿ ಬೀಳಬೇಕಂತೆ. ಜ್ವರ ಬಂದಿದೆ ಎಂದು ಹೇಳಿಬಿಡೋಣ ಅಂದಳು ರೂಪಾ. "ನಾಲ್ಕೂ ಮಂದಿಗೆ ಒಂದ ದಿನ ಜ್ವರ ಬಂದ್ರ ಡಾಕ್ಟರ ಬರ್ತಾನ" ಅಂದರು ಅಕ್ಕೋರು. ಹೋದೆವು.

ಸಮುದಾಯ ಭವನದಲ್ಲಿ ಮುಂದಿನ ಎರಡು ಸಾಲು ಬರೀ ಮುದುಕಿಯರು. ನಾವು ಹಾಡಿದೆವು. ಶಬಾನಾಳ ದನಿ ಎರಡು ಸಲ ಬಿರಿಯಿತು. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಮುಂದಿನ ಸಾಲು ಸುಮ್ಮನೆ ಕೂತಿತ್ತು. ಆಮೇಲೆ ಒಬ್ಬ ಆಯಿ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಕೋಲು, ಎದ್ದು ಮೆಲ್ಲಗೆ ಬಂದು ಅಕ್ಕೋರ ಮುಂದೆ ನಿಂತಳು.

"ತಂಗಿ, ನಾ ಹುಟ್ಟಿದ್ದು ಹಳೇ ಊರಾಗ, ಗಂಡನ ಮನಿಗೆ ಹೋಗಿದ್ದೂ ಅದೇ ಊರಾಗ, ಎರಡ ಓಣಿ ಆಚೆ. ಈ ಹಾಡ ಅಲ್ಲಿ ಯಾರೂ ಹಾಡಿಲ್ಲವಾ."

ಅಕ್ಕೋರು ಎದ್ದು ನಿಂತರು. "ಹೌದ್ರಿ" ಅಂದರು.

"ಮತ್ಯಾಕ ಹಂಗ ಹೇಳಿದಿ?"

ಅಕ್ಕೋರು ಕನ್ನಡಕ ತೆಗೆದರು, ಒರೆಸಲಿಲ್ಲ, ಹಾಗೇ ಹಿಡಿದುಕೊಂಡರು. ಕೊನೆಗೆ, "ಊರು ಇಲ್ಲಲ್ಲ, ಯಾರ ಕೇಳ್ತಾರ ಅನ್ನಕೊಂಡೆರಿ. ತಪ್ಪಾತು" ಅಂದರು.

ಆಯಿ ಕೋಲನ್ನು ನೆಲಕ್ಕೂರಿ ನಿಂತಳು. "ಹಾಡ ಚೊಲೋ ಐತಿ, ಅದಕ್ಕೇನಿಲ್ಲ. ಆದ್ರ ನಾವ ಏನ ಹಾಡತಿದ್ವಿ ಅಂತ ಒಂದ ಮಾತ ಕೇಳಬೇಕಿತ್ತಿಲ್ಲೋ. ನಾವಿನ್ನೂ ಅದೇವಿ."

"ಈಗ ಕೇಳ್ತೇನ್ರಿ ಆಯಿ" ಅಂದರು ಅಕ್ಕೋರು.

ಆಯಿ ಅಲ್ಲೇ ಕುರ್ಚಿ ಎಳೆಸಿಕೊಂಡು ಕೂತಳು. ಹೊಳೆಯ ದಂಡೆಯ ಹಾಡು. ಬಟ್ಟೆ ಒಗೆಯುವಾಗ ಒಬ್ಬಳು ಎತ್ತಿ, ಆಚೆ ಕಲ್ಲಿನವಳು ಹಿಡಿಯುವಂಥದ್ದು. ಉಳಿದ ಮುದುಕಿಯರು ಒಬ್ಬೊಬ್ಬರಾಗಿ ಸೇರಿದರು. ಅತ್ತೆಯನ್ನು ಬೈಯುವ ಒಂದು ಸಾಲಿಗೆ ಎಲ್ಲರೂ ಹುಡುಗಿಯರಂತೆ ಬಾಯಿ ಮುಚ್ಚಿಕೊಂಡು ನಕ್ಕರು. ಸಂಶೋಧಕ ಗಡಿಬಿಡಿಯಲ್ಲಿ ಫೋನು ತೆಗೆದ; ನಮ್ಮ ಹಾಡನ್ನೇ ಚಿತ್ರೀಕರಿಸಿ ಅದರ ಜಾಗವೆಲ್ಲ ತುಂಬಿಹೋಗಿತ್ತು. ಅಕ್ಕೋರು ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಆಮಂತ್ರಣ ಪತ್ರಿಕೆಗಳ ಹಿಂಬದಿಯಲ್ಲಿ ಶೀಘ್ರಲಿಪಿಯಲ್ಲಿ ಬರೆಯತೊಡಗಿದರು. ಒಂದು ತಾಸು ತಲೆ ಎತ್ತಲಿಲ್ಲ. ಆಯಿ ಎಲ್ಲಿ ಕೆಮ್ಮಿದಳು ಎಂಬುದೂ ಅದರಲ್ಲಿತ್ತು ಎಂದು ಆಮೇಲೆ ಗೊತ್ತಾಯಿತು.

ಮುಗಿದ ಮೇಲೆ ಅಕ್ಕೋರು ಮೈಕಿನ ಮುಂದೆ ಹೋದರು. ನಿಂಬಿಕಾಯಿ ಹಾಡು ಯಾವ ಹಳೆಯ ಊರಿನದೂ ಅಲ್ಲ, ಸಿಂದಗಿಯಲ್ಲಿ ತೊಗರಿ ಅಂಗಡಿಯ ಮೇಲೆ ಈ ನಾಲ್ಕು ಹುಡುಗಿಯರು ಮಾಡಿದ್ದು, ಎಂಬತ್ತು ವರ್ಷ ಅಂದದ್ದು ತಮ್ಮ ಸುಳ್ಳು ಎಂದು ಬಿಡಿಸಿ ಬಿಡಿಸಿ ಹೇಳಿದರು. ಸಭೆಯ ಅಧ್ಯಕ್ಷರು ಎದ್ದು, "ಅಕ್ಕೋರದು ದೊಡ್ಡ ಮನಸ್ಸು. ಹಳೇ ಹಾಡಿನ ಕೀರ್ತಿಯನ್ನೂ ಹುಡುಗ್ಯಾರಿಗೆ ಬಿಟ್ಟುಕೊಡಾಕತ್ತಾರ" ಎಂದು ಶಾಲು ಹೊದಿಸಿಬಿಟ್ಟರು. ಅಕ್ಕೋರು ಶಾಲಿನೊಳಗಿಂದಲೇ "ಖರೇನ ಸುಳ್ಳ್ರೀ" ಎಂದು ಇನ್ನೊಮ್ಮೆ ಹೇಳಿದರು. ಚಪ್ಪಾಳೆ ಇನ್ನೂ ಜೋರಾಯಿತು.

ಸಂಶೋಧಕ ಮುಖ ಬಾಡಿಸಿಕೊಂಡು, "ನನ್ನ ಲೇಖನ ಅಚ್ಚಿಗೆ ಹೋಗೇತ್ರಿ ಅಕ್ಕೋರ" ಅಂದ. ಅಕ್ಕೋರು ಆ ಪತ್ರಿಕೆಯ ಸಂಪಾದಕರಿಗೆ ತಿದ್ದುಪಡಿ ಪತ್ರ ಟೈಪು ಮಾಡಿ ಕಳಿಸಿದರು. ಉತ್ತರ ಬರಲಿಲ್ಲ. ವಾರಕ್ಕೊಂದರಂತೆ ಕಳಿಸುತ್ತಲೇ ಹೋದರು, ಪ್ರತಿ ಸಲವೂ 'ನನ್ನ ಹಿಂದಿನ ಪತ್ರದ ನೆನಪಿಗಾಗಿ' ಎಂದು ಮೇಲೆ ಬರೆದು. ಸಂಪಾದಕರು ಕೊನೆಗೆ ಸೋತು ಅಚ್ಚು ಹಾಕಿದರು. ಅದರಲ್ಲಿ ಎರಡು ಅಕ್ಷರ ತಪ್ಪಿದ್ದವೆಂದು ಅವರಿಗೆ ಇನ್ನೊಂದು ಪತ್ರ ಹೋಯಿತು. ಆಮೇಲೆ ನಮ್ಮ ಹಾಡಿಗೆ ಅಕ್ಕೋರು ಚರಿತ್ರೆ ಹೇಳಲಿಲ್ಲ. ಹೊಸದೆಂದೇ ಹೇಳುತ್ತಿದ್ದೆವು. ಅಷ್ಟು ಹೊತ್ತಿಗೆ ಯಾರೂ ನಂಬುತ್ತಿರಲಿಲ್ಲ, ಹಾಗಾಗಿ ನಷ್ಟವೇನೂ ಆಗಲಿಲ್ಲ. ಆಯಿಯ ಹಾಡನ್ನು ಮಾತ್ರ ಆಯಿಯ ಹೆಸರು ಹೇಳಿಯೇ ಹಾಡಿದೆವು, ಮಷೀನಿಲ್ಲದೆ.

ಈಗ ಶಬಾನಾ ಸಾಲೆಯಲ್ಲಿ ಟೀಚರು. ಕಸ್ತೂರಿ ನಿಂಬೆ ಉಪ್ಪಿನಕಾಯಿ ಮಾಡಿ ಮಾರುತ್ತಾಳೆ. ರೂಪಾ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿ, ನಾನು ತಾಲೂಕು ಕಚೇರಿಯಲ್ಲಿ. ವರ್ಷಕ್ಕೆ ಐದಾರು ಕಾರ್ಯಕ್ರಮ ಈಗಲೂ ಮಾಡುತ್ತೇವೆ. ಅಕ್ಕೋರು ಕಡೆಯ ಎರಡು ವರ್ಷ ಬರಲಿಲ್ಲ, ಮೊಣಕಾಲು ಮೆಟ್ಟಿಲು ಇಳಿಯಲು ಬಿಡುತ್ತಿರಲಿಲ್ಲ.

ಅವರನ್ನು ನೆನೆದಾಗ ನನಗೆ ಮೊದಲು ಕಣ್ಣ ಮುಂದೆ ಬರುವುದು ಆ ದಿನ ಕೊಲ್ಹಾರದಿಂದ ಬಾಗೇವಾಡಿಗೆ ಬಂದ ಬಸ್ಸು. ಇಳಿಹೊತ್ತು, ಬಸ್ಸು ತುಂಬ ಮಂದಿ. ಅಕ್ಕೋರು ಶಾಲನ್ನು ಮಡಚಿ ತೊಡೆಯ ಮೇಲಿಟ್ಟು, ಅದರ ಮೇಲೆ ಆಮಂತ್ರಣ ಪತ್ರಿಕೆಗಳನ್ನು ಹರವಿಕೊಂಡು, ತಾವೇ ಬರೆದ ಗೀಟುಗಳನ್ನು ಓದುತ್ತ ಆಯಿಯ ಹಾಡನ್ನು ಹಾಡಿಕೊಳ್ಳಲು ಶುರುಮಾಡಿದರು. ಅಷ್ಟು ದಿನದಲ್ಲಿ ಅವರು ಹಾಡಿದ್ದನ್ನು ನಾವು ಕೇಳಿಯೇ ಇರಲಿಲ್ಲ. ಒಂದು ಸ್ವರವೂ ಅದರ ಜಾಗದಲ್ಲಿ ನಿಲ್ಲಲಿಲ್ಲ. ಒಡೆದ ಕೊಳವೆಯಲ್ಲಿ ನೀರು ಬಂದಂತೆ ಒಮ್ಮೆ ಬರುತ್ತಿತ್ತು, ಒಮ್ಮೆ ಬರೀ ಗಾಳಿ. ಅವರಿಗೆ ಅದರ ಪರಿವೆಯೇ ಇರಲಿಲ್ಲ, ಗದ್ದ ಮೇಲೆತ್ತಿ, ಖುಷಿಯಿಂದ, ಪೂರ್ತಿ ಗಂಟಲು ಬಿಟ್ಟು ಹಾಡಿದರು. ಕಸ್ತೂರಿ ನನ್ನ ಕೈ ಹಿಡಿದಳು. ರೂಪಾ ಕಿಟಕಿಯ ಕಡೆ ತಿರುಗಿದಳು. ನಾವು ಯಾರೂ ನಗಲಿಲ್ಲ.

ಎದುರು ಸೀಟಿನ ಹೆಣ್ಣುಮಗಳು ತಿರುಗಿ ಅವರನ್ನು ನೋಡಿದಳು, ಆಮೇಲೆ ಚುಕ್ಕಿ ಸೀರೆಯ ನಮ್ಮನ್ನು ನೋಡಿದಳು.

"ಯಾರವಾ ಇವರು?" ಎಂದು ಶಬಾನಾಳನ್ನು ಕೇಳಿದಳು.

"ನಮ್ಮ ಅಕ್ಕೋರ್ರಿ."

"ನಿಮಗ ಹಾಡಾಕ ಇವರ ಕಲಿಸಿದ್ದೇನ?"

"ಹೌದ್ರಿ" ಅಂದಳು ಶಬಾನಾ. "ಇವರ ಕಲಿಸಿದ್ದು."

ಆ ಹೆಣ್ಣುಮಗಳು ನಮ್ಮ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿ, "ಪಾಪ" ಅಂದಳು.